ಸ್ವತಂತ್ರನಾಗಿದ್ದವನು ಹನ್ನೆರಡು ವರ್ಷ ಯಾಕೆ ಸುಮ್ಮನಿದ್ದ?

ಪ್ರಶ್ನೆ: ‘ಟ್ವೆಲ್ವ್ ಇಯರ್ಸ್ ಎ ಸ್ಲೇವ್’ ಸಿನಿಮಾ ನೋಡಿದೆ. ಸಾಲಮನ್ ನಾರ್ಥಪ್ ಹುಟ್ಟಿನಿಂದಲೇ ಸ್ವತಂತ್ರ, ಓದುಬರಹ ಬಲ್ಲವನು. ಹಿಡಿದು ಮಾರಿದ ಮೇಲೆ ‘ನಾನು ಗುಲಾಮನಲ್ಲ’ ಎಂದು ಯಾರಿಗಾದರೂ ಹೇಳಬಹುದಿತ್ತಲ್ಲ? ಊರಿಗೆ ಒಂದು ಕಾಗದ ಬರೆಯಬಹುದಿತ್ತಲ್ಲ? ಬಿಡುಗಡೆಗೆ ಹನ್ನೆರಡು ವರ್ಷ ಯಾಕೆ ಬೇಕಾಯಿತು?

ಉತ್ತರ: ನೀವು ಕೇಳಿದ್ದು ಒಳ್ಳೆಯದಾಯಿತು. ಆ ಸಿನಿಮಾ ನೋಡಿದ ಅನೇಕರಿಗೆ ಈ ಅನುಮಾನ ಬರುತ್ತದೆ, ಆದರೆ ನೊಂದವನ ಮೇಲೇ ತಪ್ಪು ಹೊರಿಸಿದಂತೆ ಆದೀತೆಂದು ಕೇಳಲು ಹಿಂಜರಿಯುತ್ತಾರೆ. ಹಿಂಜರಿಯಬೇಕಾಗಿಲ್ಲ. ಚಿಕ್ಕ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ: ಅವನು ಮೊದಲ ದಿನವೇ ಹೇಳಿದ. ಕಾಗದವನ್ನೂ ಬರೆದ, ಆ ವರ್ಷವೇ ಅದು ಊರಿಗೆ ಮುಟ್ಟಿತು ಕೂಡ. ಹಾಗಿದ್ದರೂ ಹನ್ನೆರಡು ವರ್ಷ ಬೇಕಾಯಿತು. ಯಾಕೆಂದು ನೋಡೋಣ.

1841ರ ಮಾರ್ಚ್. ನ್ಯೂಯಾರ್ಕ್ ರಾಜ್ಯದ ಸಾರಟೋಗಾ ಸ್ಪ್ರಿಂಗ್ಸ್ ಎಂಬ ವಿಹಾರದೂರಿನಲ್ಲಿ ಸಾಲಮನ್ ಹೆಂಡತಿ, ಮೂವರು ಮಕ್ಕಳೊಂದಿಗೆ ಇದ್ದ. ಚಳಿಗಾಲದಲ್ಲಿ ಪಿಟೀಲು ಬಾರಿಸುವುದು, ಉಳಿದಂತೆ ಸಿಕ್ಕಿದ ಕೆಲಸ. ಹೆಂಡತಿ ಆನ್ ಹೆಸರುವಾಸಿ ಅಡುಗೆಯವಳು. ಆ ದಿನಗಳಲ್ಲಿ ಕೆಲಸಕ್ಕೆಂದು ಬೇರೆ ಊರಿಗೆ ಹೋಗಿದ್ದಳು. ಆಗ ಇಬ್ಬರು ಗೃಹಸ್ಥರು ಗಂಟುಬಿದ್ದರು. ತಾವು ಸರ್ಕಸ್ ಕಂಪನಿಯವರು, ಪಿಟೀಲು ಬಾರಿಸುವವನು ಬೇಕು, ದಿನಕ್ಕೆ ಒಂದು ಡಾಲರ್, ಆಟವಿದ್ದ ರಾತ್ರಿ ಇನ್ನೂ ಮೂರು ಡಾಲರ್ ಎಂದರು. ಬೇಗ ಹಿಂದಿರುಗುತ್ತೇನಲ್ಲ ಎಂದುಕೊಂಡು ಸಾಲಮನ್ ಹೆಂಡತಿಗೆ ಒಂದು ಸಾಲನ್ನೂ ಬರೆದಿಡಲಿಲ್ಲ.

ಆ ಇಬ್ಬರ ಜಾಣತನ ನೋಡಿ. ನ್ಯೂಯಾರ್ಕ್ ನಗರ ತಲುಪಿದ ಮೇಲೆ, ಮುಂದೆ ಗುಲಾಮಗಿರಿ ಇರುವ ಸೀಮೆಗೆ ಹೋಗುತ್ತಿದ್ದೇವೆ, ನೀನು ಸ್ವತಂತ್ರನೆಂಬ ಪ್ರಮಾಣಪತ್ರ ಮಾಡಿಸಿಕೋ ಎಂದು ಹೇಳಿದವರು ಅವರೇ. ಸುಂಕದ ಕಚೇರಿಯಲ್ಲಿ ಅದನ್ನು ಮಾಡಿಸಿಯೂ ಕೊಟ್ಟರು. ಅಷ್ಟು ಕಾಳಜಿ ತೋರಿದವರನ್ನು ಯಾರು ತಾನೇ ಸಂಶಯಿಸುತ್ತಾರೆ? ವಾಷಿಂಗ್ಟನ್ ತಲುಪಿದಾಗ ಅಲ್ಲಿ ಅಧ್ಯಕ್ಷ ಹ್ಯಾರಿಸನ್ನರ ಶವಸಂಸ್ಕಾರದ ಗದ್ದಲ. ಆ ದಿನ ಅವರು ಕುಡಿಸಿದ ಪಾನೀಯದಿಂದ ಇವನಿಗೆ ತಲೆನೋವು, ವಾಕರಿಕೆ, ಆಮೇಲೆ ಪ್ರಜ್ಞೆಯೇ ತಪ್ಪಿತು. ಎಚ್ಚರವಾದಾಗ ಕತ್ತಲ ಕೋಣೆಯಲ್ಲಿ ಕೈಕಾಲಿಗೆ ಸರಪಳಿ ಬಿದ್ದಿತ್ತು. ಜೇಬಿನಲ್ಲಿ ಹಣವೂ ಇಲ್ಲ, ಪ್ರಮಾಣಪತ್ರವೂ ಇಲ್ಲ. ಅದು ಗುಲಾಮರನ್ನು ಕೂಡಿಹಾಕುವ ದೊಡ್ಡಿ. ದನದ ದೊಡ್ಡಿಯಂತೆಯೇ ಅಂದುಕೊಳ್ಳಿ. ಅಲ್ಲಿಂದ ಅಮೆರಿಕದ ಸಂಸತ್ ಭವನ ಕಣ್ಣಳತೆಯ ದೂರದಲ್ಲಿತ್ತು.

ಬಾಗಿಲು ತೆರೆದು ಬಂದವನು ಗುಲಾಮರ ವ್ಯಾಪಾರಿ ಜೇಮ್ಸ್ ಬರ್ಚ್. ನಾನು ಸ್ವತಂತ್ರ, ಸಾರಟೋಗಾದವನು, ಹೆಂಡತಿ ಮಕ್ಕಳಿದ್ದಾರೆ ಎಂದು ಸಾಲಮನ್ ಹೇಳಿದ. ಮರದ ಹಲಗೆಯಿಂದ ಬರ್ಚ್ ಹೊಡೆದ. ಈಗಲೂ ಸ್ವತಂತ್ರನೋ ಎಂದು ಕೇಳಿದ. ಹೌದೆಂದಾಗ ಮತ್ತೆ ಹೊಡೆದ. ಹಲಗೆ ಮುರಿದ ಮೇಲೆ ಹಗ್ಗದ ಚಾವಟಿ ಬಂತು. ಇನ್ನೊಮ್ಮೆ ಆ ಮಾತು ಬಾಯಿಂದ ಬಂದರೆ ಕೊಲ್ಲುತ್ತೇನೆಂದು ಹೇಳಿ ಹೋದ. ‘ಯಾಕೆ ಹೇಳಲಿಲ್ಲ’ ಎಂಬ ನಿಮ್ಮ ಮಾತಿಗೆ ಅರ್ಧ ಉತ್ತರ ಇಲ್ಲಿದೆ. ತಾನು ಸ್ವತಂತ್ರನೆಂದು ಹೇಳುವ ಗುಲಾಮ ವ್ಯಾಪಾರಿಗೆ ಅಪಾಯದ ಸರಕು. ಅಂಥವನನ್ನು ಸುಮ್ಮನಾಗಿಸುತ್ತಾರೆ, ಇಲ್ಲವೇ ಇನ್ನೂ ದೂರದ ಸೀಮೆಗೆ ಮಾರಿ ಕೈತೊಳೆದುಕೊಳ್ಳುತ್ತಾರೆ. ಸಾಲಮನ್ ಇದನ್ನು ಬೇಗ ಅರಿತ.

ಉಳಿದರ್ಧ ಉತ್ತರ ಒಂದು ಹೆಸರಿನಲ್ಲಿದೆ. ಹಡಗಿನಲ್ಲಿ ಅವನನ್ನು ನ್ಯೂ ಆರ್ಲಿಯನ್ಸಿಗೆ ಸಾಗಿಸಿದರು. ಅಲ್ಲಿ ವ್ಯಾಪಾರಿಯೊಬ್ಬ ಪಟ್ಟಿ ಹಿಡಿದು ‘ಪ್ಲ್ಯಾಟ್’ ಎಂದು ಕೂಗಿದ. ಯಾರೂ ಓಗೊಡಲಿಲ್ಲ. ಕೊನೆಗೆ, ಆ ಪ್ಲ್ಯಾಟ್ ನೀನೇ ಎಂದು ಸಾಲಮನ್ನನಿಗೆ ತಿಳಿಸಿದರು. (ಆ ವ್ಯಾಪಾರಿಯ ಮನೆತನದ ಹೆಸರು ಫ್ರೀಮನ್, ಅಂದರೆ ಸ್ವತಂತ್ರ ಮನುಷ್ಯ! ಕಾದಂಬರಿಯಲ್ಲಿ ಹೀಗೆ ಬರೆದಿದ್ದರೆ ಅತಿಯಾಯಿತು ಎನ್ನುತ್ತಿದ್ದೆವು.) ವಿಲಿಯಂ ಫೋರ್ಡ್ ಎಂಬಾತ ಈ ಪ್ಲ್ಯಾಟ್‌ನನ್ನು 1000 ಡಾಲರಿಗೆ ಕೊಂಡ. ದಿನಕ್ಕೆ ಡಾಲರೊಂದರ ಕೂಲಿಯ ಆಸೆಗೆ ಹೊರಟವನು ಸಾವಿರ ದಿನದ ಕೂಲಿಯ ಬೆಲೆಗೆ ಮಾರಾಟವಾದ. 1808ರಿಂದ ಹೊರದೇಶದ ಗುಲಾಮರನ್ನು ತರುವುದಕ್ಕೆ ನಿಷೇಧವಿತ್ತು, ಹತ್ತಿಯ ಹೊಲಗಳು ಮಾತ್ರ ಹಬ್ಬುತ್ತಲೇ ಇದ್ದವು. ಸ್ವತಂತ್ರರನ್ನು ಕದಿಯುವ ದಂಧೆ ಯಾಕೆ ಬೆಳೆಯಿತೆಂದು ಬೇರೆ ಹೇಳಬೇಕಿಲ್ಲ.

ಇನ್ನು ಆ ಕಾಗದ. ಹಡಗಿನಲ್ಲೇ ಒಬ್ಬ ನಾವಿಕ ಮರುಗಿ ಹಾಳೆ, ಮಸಿ ಒದಗಿಸಿದ. ಸಾಲಮನ್ ಬರೆದದ್ದು ಊರಿನ ವಕೀಲ ಹೆನ್ರಿ ನಾರ್ಥಪ್‌ಗೆ. ಇಬ್ಬರದೂ ಒಂದೇ ಹೆಸರೆಂದು ಗಲಿಬಿಲಿ ಬೇಡ: ಸಾಲಮನ್ನನ ತಂದೆ ಹಿಂದೆ ಹೆನ್ರಿಯ ಬಂಧುಗಳ ಮನೆಯಲ್ಲಿ ಗುಲಾಮನಾಗಿದ್ದು, ಒಡೆಯನ ಉಯಿಲಿನಿಂದ ಬಿಡುಗಡೆ ಪಡೆದವನು, ಹೆಸರು ಬಂದದ್ದು ಅಲ್ಲಿಂದ. ಕಾಗದ ತಲುಪಿತು, ಗವರ್ನರರ ವರೆಗೂ ಹೋಯಿತು. ಆದರೆ ತಾನು ಎಲ್ಲಿಗೆ ಹೋಗುತ್ತಿದ್ದೇನೆಂದು ಬರೆದವನಿಗೇ ಗೊತ್ತಿರಲಿಲ್ಲ. ಎಲ್ಲಿ ಹುಡುಕುವುದು? ಯಾರೆಂದು ಹುಡುಕುವುದು? ಸಾಲಮನ್ ನಾರ್ಥಪ್ ಎಂಬ ಗುಲಾಮ ದಕ್ಷಿಣದ ಯಾವ ಲೆಕ್ಕದ ಪುಸ್ತಕದಲ್ಲೂ ಇರಲಿಲ್ಲ.

ಇಲ್ಲಿ ಒಂದು ತಪ್ಪು ಕಲ್ಪನೆಯನ್ನು ಸರಿಪಡಿಸಬೇಕು. ದಕ್ಷಿಣದ ರಾಜ್ಯಗಳಲ್ಲಿ ಯಾವ ಕಪ್ಪು ಮನುಷ್ಯನನ್ನಾದರೂ ಹಿಡಿದು ಮಾರಬಹುದಿತ್ತು ಎಂದು ಅನೇಕರು ತಿಳಿದಿದ್ದಾರೆ. ಹಾಗಲ್ಲ. ಸ್ವತಂತ್ರನನ್ನು ಕದ್ದು ಮಾರುವುದು ಅಪರಾಧವೇ ಆಗಿತ್ತು. ತೊಡಕು ಇದ್ದದ್ದು ರುಜುವಾತಿನಲ್ಲಿ. ಕಪ್ಪು ಮೈಬಣ್ಣದವನು ಗುಲಾಮನೇ ಇರಬೇಕು ಎಂದು ಮೊದಲೇ ಊಹಿಸಿಕೊಳ್ಳುತ್ತಿದ್ದರು. ಅಲ್ಲವೆಂದು ತೋರಿಸುವ ಹೊಣೆ ಅವನದು. ತೋರಿಸಲು ಹೊರಟರೆ ಬಿಳಿಯರ ವಿರುದ್ಧ ಅವನ ಸಾಕ್ಷ್ಯ ನಡೆಯುತ್ತಿರಲಿಲ್ಲ. ನಮ್ಮಲ್ಲಿ ಜೀತದವನಿಗೆ ತೀರದ್ದಾದರೂ ಒಂದು ಸಾಲದ ಲೆಕ್ಕವಿರುತ್ತಿತ್ತು. ಇಲ್ಲಿ ಲೆಕ್ಕವೇ ಇಲ್ಲ, ಮನುಷ್ಯನೇ ಸೊತ್ತು.

ಫೋರ್ಡ್ ತಕ್ಕಮಟ್ಟಿಗೆ ಸಜ್ಜನ. ಆದರೆ 1843ರ ಹೊತ್ತಿಗೆ ಸಾಲಮನ್ ಎಡ್ವಿನ್ ಎಪ್ಸ್ ಎಂಬ ಕ್ರೂರಿಯ ಕೈಸೇರಿದ್ದ. ಲೂಸಿಯಾನಾದಲ್ಲಿ ಬಯೂ ಬೆಫ್ ಎಂಬ ನಿಧಾನಗತಿಯ ತೊರೆಯ ದಂಡೆಯ ಹತ್ತಿ ಹೊಲ ಅದು. ಅಲ್ಲಿ ದಿನಕ್ಕೆ 200 ಪೌಂಡ್ ಹತ್ತಿ ಬಿಡಿಸಬೇಕು. ಸಂಜೆ ತೂಕ ಕಡಿಮೆ ಬಂದರೆ ಚಾವಟಿ. ಓದುಬರಹ ಬರುತ್ತದೆಯೆ ಎಂದು ವಿಚಾರಿಸಿಕೊಂಡ ಎಪ್ಸ್, ಪುಸ್ತಕವೋ ಲೇಖನಿಯೋ ಕೈಯಲ್ಲಿ ಕಂಡರೆ ನೂರು ಏಟು ಎಂದು ಮೊದಲೇ ಎಚ್ಚರಿಸಿದ್ದ. ವರ್ಷಗಟ್ಟಲೆ ಕಾದ ಮೇಲೆ ಸಾಲಮನ್ನನಿಗೆ ಒಂದು ಹಾಳೆ ಸಿಕ್ಕಿತು. ಮೇಪಲ್ ಮರದ ತೊಗಟೆ ಕುದಿಸಿ ಮಸಿ ಮಾಡಿದ, ಬಾತುಕೋಳಿಯ ಗರಿಯಿಂದ ಲೇಖನಿ ಮಾಡಿದ. ಅಂಚೆಗೆ ಹಾಕಬಹುದೆಂದು ಒಬ್ಬ ಬಿಳಿಯ ಕೂಲಿಯಾಳನ್ನು ನಂಬಿದ. ಅವನು ನೇರ ಎಪ್ಸ್‌ನ ಕಿವಿಗೆ ಮುಟ್ಟಿಸಿದ. ಮೇಸ್ತ್ರಿ ಕೆಲಸದ ಆಸೆಗೆ ಆತ ಸುಳ್ಳು ಕಟ್ಟುತ್ತಿದ್ದಾನೆಂದು ಸಾಲಮನ್ ವಾದಿಸಿ ಪಾರಾದ. ಕಾಗದವನ್ನು ಒಲೆಗೆ ಹಾಕಿದ. ಸಿನಿಮಾದಲ್ಲಿ ಕಾಗದ ಉರಿಯುವ ದೃಶ್ಯ ನಿಮಗೆ ನೆನಪಿರಬಹುದು.

ಕೊನೆಗೆ ದಾರಿ ತೆರೆದದ್ದು 1852ರಲ್ಲಿ. ಎಪ್ಸ್‌ನ ಹೊಸ ಮನೆ ಕಟ್ಟಲು ಬಂದ ಕೆನಡಾದ ಬಡಗಿ ಸ್ಯಾಮ್ಯುಯೆಲ್ ಬಾಸ್, ಗುಲಾಮಗಿರಿ ತಪ್ಪೆಂದು ಒಡೆಯನ ಎದುರೇ ವಾದಿಸುತ್ತಿದ್ದ. ಅವನಿಗೆ ಸಾಲಮನ್ ಎಲ್ಲವನ್ನೂ ಹೇಳಿದ. ಆಗಸ್ಟ್ 15ರ ತಾರೀಖು ಹಾಕಿ ಬಾಸ್ ಬರೆದ ಕಾಗದ ಸಾರಟೋಗಾದ ಇಬ್ಬರು ಅಂಗಡಿಕಾರರಿಗೆ ತಲುಪಿತು. ಅಪಹೃತ ಪ್ರಜೆಗಳನ್ನು ಬಿಡಿಸಿ ತರಲು ಪ್ರತಿನಿಧಿಯನ್ನು ನೇಮಿಸುವ ಅಧಿಕಾರವನ್ನು ಗವರ್ನರರಿಗೆ ಕೊಡುವ ಶಾಸನ ನ್ಯೂಯಾರ್ಕಿನಲ್ಲಿ 1840ರಲ್ಲೇ ಬಂದಿತ್ತು. ಅಪಹರಣಕ್ಕಿಂತ ಒಂದು ವರ್ಷ ಮೊದಲೇ, ನೋಡಿ. ಆನ್ ಅರ್ಜಿ ಹಾಕಿದಳು. ಪ್ರತಿನಿಧಿಯಾಗಿ ಹೊರಟವನು ಅದೇ ಹೆನ್ರಿ.

1853ರ ಜನವರಿ 1ರಂದು ಅವನು ಲೂಸಿಯಾನಾದ ಮಾರ್ಕ್ಸ್‌ವಿಲ್ ತಲುಪಿದ. ಬಾಸ್ ಬರೆದ ಕಾಗದದ ಮೇಲಿದ್ದ ಅಂಚೆ ಮುದ್ರೆ ಅಲ್ಲಿಯದು. ಆದರೆ ಬಾಸ್ ಒಂದು ವಿಷಯ ಬರೆಯಲು ಮರೆತಿದ್ದ: ಪ್ಲ್ಯಾಟ್ ಎಂಬ ಹೆಸರು. ಮೈಲಿಗಟ್ಟಲೆ ದಂಡೆ, ಸಾವಿರಾರು ಗುಲಾಮರು, ಅವರಲ್ಲಿ ಸಾಲಮನ್ ಯಾರಿಗೂ ಗೊತ್ತಿಲ್ಲ. ಹೆನ್ರಿ ಹೊಲದಿಂದ ಹೊಲಕ್ಕೆ ಅಲೆಯಲು ಸಿದ್ಧನಾಗಿದ್ದ. ಸ್ಥಳೀಯ ವಕೀಲ ವ್ಯಾಡಿಲ್ ಜೊತೆ ರಾಜಕೀಯದ ಹರಟೆಗೆ ಕೂತಾಗ, ಗುಲಾಮಗಿರಿಯ ವಿರೋಧಿ ಇಲ್ಲೂ ಒಬ್ಬನಿದ್ದಾನೆ, ಬಾಸ್ ಅಂತ, ಎಂದು ಆತ ನಕ್ಕ. ಕಾಗದ ಬರೆದವನು ಅವನೇ ಇರಬೇಕೆಂದು ನಕ್ಕವನಿಗೇ ತಟ್ಟನೆ ಹೊಳೆಯಿತು. ಊರು ಬಿಡುವುದರಲ್ಲಿದ್ದ ಬಾಸ್‌ನನ್ನು ಹಿಡಿದು ಕೇಳಿದರು, ಹೆಸರು ಸಿಕ್ಕಿತು.

ಷೆರಿಫ್ ಹೊಲಕ್ಕೆ ಬಂದು ಸಾಲಮನ್ನನನ್ನು ಕೇಳಿದ್ದು ಕೂಡ ಹೆಸರುಗಳನ್ನೇ: ನಿನಗೆ ಬೇರೆ ಹೆಸರಿದೆಯೆ? ಮಕ್ಕಳ ಹೆಸರೇನು? ಮದುವೆಗೆ ಮುಂಚೆ ಹೆಂಡತಿಯ ಹೆಸರೇನಿತ್ತು? ಅವನು ತಡವರಿಸದೆ ಹೇಳಿದ. ಮರುದಿನವೇ ಲೂಸಿಯಾನಾದ ನ್ಯಾಯಾಧೀಶರ ಎದುರು ಪತ್ರಗಳಿಗೆ ಸಹಿಯಾಯಿತು. ಬೇಕಾದ ದಾಖಲೆ, ಬೇಕಾದ ಬಿಳಿಯ ಮನುಷ್ಯ ಬಂದು ನಿಂತ ಮೇಲೆ ಕೆಲಸ ಮುಗಿಯಲು ಒಂದೆರಡು ದಿನ ಸಾಕಾಯಿತು.

ಮಾರಿದವರಿಗೆ ಶಿಕ್ಷೆ ಆಯಿತೇ ಎಂದು ನೀವು ಮುಂದೆ ಕೇಳುವವರಿದ್ದೀರಿ. ಇಲ್ಲ. ವಾಷಿಂಗ್ಟನ್ನಿನಲ್ಲಿ ಬರ್ಚ್‌ನ ವಿಚಾರಣೆ ನಡೆಯಿತು. ಕಪ್ಪುಬಣ್ಣದವನೆಂಬ ಕಾರಣಕ್ಕೆ ಸಾಲಮನ್ನನ ಸಾಕ್ಷ್ಯವನ್ನೇ ಸ್ವೀಕರಿಸಲಿಲ್ಲ, ಬರ್ಚ್ ಬಿಡುಗಡೆಯಾದ. 1853ರಲ್ಲೇ ಸಾಲಮನ್ ತನ್ನ ಕಥೆ ಹೇಳಿದ ಪುಸ್ತಕ ಬಂತು. ಅದನ್ನು ಓದಿದವರೊಬ್ಬರ ನೆನಪಿನಿಂದ ಆ ಇಬ್ಬರು ‘ಸರ್ಕಸ್‌ನವರು’ 1854ರಲ್ಲಿ ಸಿಕ್ಕಿಬಿದ್ದರು. ಅಪರಾಧ ನಡೆದದ್ದು ಯಾವ ಸೀಮೆಯಲ್ಲಿ ಎಂಬ ವಾದದಲ್ಲೇ ಮೊಕದ್ದಮೆ ಎಳೆದು, 1857ರಲ್ಲಿ ಕೈಬಿಟ್ಟುಹೋಯಿತು.

ಸಾಲಮನ್ ಮನೆ ಸೇರಿದ್ದು 1853ರ ಜನವರಿ 22ರಂದು. ಅವನು ಹೊರಟಾಗ ಏಳು ವರ್ಷದವಳಾಗಿದ್ದ ಮಗಳು ಮಾರ್ಗರೆಟ್‌ಗೆ ಅಪ್ಪನ ಗುರುತು ಹತ್ತಲಿಲ್ಲ. ಅವಳಿಗೆ ಆಗಲೇ ಮದುವೆಯಾಗಿ ಒಂದು ಮಗುವೂ ಇತ್ತು. ಮಗುವಿಗೆ ಅವಳು ಸಾಲಮನ್ ನಾರ್ಥಪ್ ಎಂದೇ ಹೆಸರಿಟ್ಟಿದ್ದಳು.