ಕಂಪ್ಯೂಟರ್ ಜಾಲದ ತಂತಿ ಕೆಟ್ಟಾಗ ದೋಷ ಪತ್ತೆ ಮಾಡುವ ಕ್ರಮ



ಪಹಣಿ ಪಡೆಯಲು, ಬೆಳೆ ವಿಮೆಗೆ ನೋಂದಾಯಿಸಲು, ಹಾಲಿನ ಸಂಘದ ಲೆಕ್ಕ ಕಳಿಸಲು ಇಂದು ಕಂಪ್ಯೂಟರ್ ಜಾಲ ಬೇಕೇ ಬೇಕು. 2011ರಲ್ಲಿ ಕೇಂದ್ರ ಸರ್ಕಾರ ಒಪ್ಪಿಗೆ ನೀಡಿದ, ಮುಂದೆ ಭಾರತ್‌ನೆಟ್ ಎಂದು ಹೆಸರಾದ ಯೋಜನೆಯು ಗ್ರಾಮ ಪಂಚಾಯಿತಿಗಳಿಗೆ ಆಪ್ಟಿಕಲ್ ಫೈಬರ್ ಎಳೆಯನ್ನು ತಲುಪಿಸಲು ಹೊರಟಿತು. ವಿಮೆಯ ಕಂತು ಕಟ್ಟುವ ಕೊನೆಯ ದಿನವೇ ಸಂಪರ್ಕ ತಪ್ಪಿದರೆ ಒಂದು ಹಂಗಾಮಿನ ರಕ್ಷಣೆ ಕೈಬಿಟ್ಟು ಹೋಗಬಹುದು. ಆದ್ದರಿಂದ ದೋಷ ಹುಡುಕುವ ಕ್ರಮ ತಿಳಿದಿರುವುದು ಒಳ್ಳೆಯದು.

ಕೊನೆಯ ಗದ್ದೆಗೆ ನೀರು ಬಾರದಿದ್ದರೆ ನೀವು ತೂಬನ್ನು ಒಡೆಯುವುದಿಲ್ಲ. ಎಲ್ಲಿಯವರೆಗೆ ನೀರು ಬಂದಿದೆ ಎಂದು ಕಾಲುವೆಯ ಗುಂಟ ನೋಡುತ್ತ ಹೋಗುತ್ತೀರಿ. ಇಲ್ಲಿಯೂ ಅದೇ ಕ್ರಮ.

1. ದೋಷದ ವ್ಯಾಪ್ತಿ: ಒಂದೇ ಕಂಪ್ಯೂಟರಿಗೆ ಸಂಪರ್ಕ ಇಲ್ಲವೆಂದರೆ ದೋಷ ಬಹುಶಃ ಅದರಲ್ಲಿ ಅಥವಾ ಅದರ ತಂತಿಯಲ್ಲಿದೆ. ಎಲ್ಲಕ್ಕೂ ಇಲ್ಲವೆಂದರೆ ರೂಟರನ್ನು, ಅನಂತರ ಹೊರಗಿನ ಮಾರ್ಗವನ್ನು ಶಂಕಿಸಿರಿ.

2. ದೀಪಗಳು: ರೂಟರಿಗೆ ವಿದ್ಯುತ್ ಬಂದಿದೆಯೇ ನೋಡಿರಿ. ಫೈಬರ್ ಪೆಟ್ಟಿಗೆಯಲ್ಲಿ 'ಎಲ್‌ಒಎಸ್' ಎಂಬ ಕೆಂಪು ದೀಪ ಹತ್ತಿದ್ದರೆ ಹೊರಗಿನಿಂದ ಬೆಳಕಿನ ಸಂಕೇತ ಬರುತ್ತಿಲ್ಲವೆಂದು ಅರ್ಥ. ಎಳೆ ತುಂಡಾಗಿರಬಹುದು ಅಥವಾ ಚೂಪಾಗಿ ಮಡಚಿರಬಹುದು. ಬಿಚ್ಚಿದ ಎಳೆಯ ತುದಿಯೊಳಗೆ ಇಣುಕಿ ನೋಡಕೂಡದು. ಕಣ್ಣಿಗೆ ಕಾಣದ ಲೇಸರ್ ಕಿರಣ ಅಪಾಯಕಾರಿ.

3. ತುದಿಗಳು: ತಂತಿ ಸಿಕ್ಕಿಸುವ ಜಾಗದ ಪಕ್ಕದ ಸಣ್ಣ ದೀಪ ಹತ್ತದಿದ್ದರೆ ತಂತಿಯನ್ನು ತೆಗೆದು, 'ಟಕ್' ಎನ್ನುವವರೆಗೆ ಮತ್ತೆ ಒತ್ತಿರಿ. ಆಗಲೂ ಹತ್ತದಿದ್ದರೆ ಕೆಲಸ ಮಾಡುತ್ತಿರುವ ಇನ್ನೊಂದು ತಂತಿ ಹಾಕಿ ನೋಡಿರಿ. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿರಿ. ಇಲ್ಲವಾದರೆ ಯಾವುದು ಕೆಟ್ಟಿತ್ತೆಂದು ತಿಳಿಯದು.

4. ತಂತಿಯ ಮೈ: ಇದರೊಳಗೆ ನಾಲ್ಕು ಜೋಡಿಗಳಾಗಿ ಹೊಸೆದ ಎಂಟು ಸಣ್ಣ ತಾಮ್ರದ ತಂತಿಗಳಿವೆ. ಇಲಿ ಕಡಿತ, ಬಾಗಿಲಿಗೆ ಸಿಕ್ಕಿ ಜಜ್ಜಿರುವುದು, ಟೇಪು ಸುತ್ತಿದ ಗಂಟು ಇವನ್ನು ಹುಡುಕಿರಿ. ಒಂದು ತಂತಿಯ ಉದ್ದ 100 ಮೀಟರ್ ಮೀರಬಾರದು. ಪಂಪ್‌ಸೆಟ್ಟಿನ ವಿದ್ಯುತ್ ತಂತಿಯ ಜೊತೆಗೆ ಇದನ್ನು ಎಳೆಯಬೇಡಿರಿ.

5. ಪಿಂಗ್ ಪರೀಕ್ಷೆ: ದೀಪ ಹತ್ತಿಯೂ ಕೆಲಸವಾಗದಿದ್ದರೆ ಕಂಪ್ಯೂಟರಿನಿಂದ ರೂಟರಿನ ವಿಳಾಸಕ್ಕೆ 'ಪಿಂಗ್' ಆದೇಶ ಕೊಡಿರಿ. ಉತ್ತರ ಬಂದರೆ ಅಲ್ಲಿಯವರೆಗಿನ ಮಾರ್ಗ ಸರಿಯಿದೆ, ತೊಂದರೆ ಅದರಾಚೆ. ನಿಮ್ಮ ಕಂಪ್ಯೂಟರಿನ ವಿಳಾಸ 169.254 ಎಂದು ಆರಂಭವಾದರೆ ಅದಕ್ಕೆ ರೂಟರಿನಿಂದ ವಿಳಾಸ ಸಿಕ್ಕಿಲ್ಲವೆಂದು ತಿಳಿಯಿರಿ.

ಮುನ್ನೆಚ್ಚರಿಕೆ: ಸಿಡಿಲಿನ ಮೋಡ ಕಂಡ ಕೂಡಲೇ, ಸಿಡಿಲು ಹತ್ತಿರ ಬರುವ ಮೊದಲೇ, ವಿದ್ಯುತ್ ಪ್ಲಗ್ಗನ್ನೂ ತಾಮ್ರದ ತಂತಿಯನ್ನೂ ಕಳಚಿಡಿರಿ. ಒಂದು ಕಟ್ಟಡದಿಂದ ಇನ್ನೊಂದಕ್ಕೆ ಫೈಬರ್ ಎಳೆಯೇ ಸೂಕ್ತ. ಒಂದು ಒಳ್ಳೆಯ ತಂತಿಯನ್ನು ಸದಾ ಬಿಡಿಯಾಗಿ ಇಟ್ಟುಕೊಳ್ಳಿರಿ.

ಹೊರಗಿನ ಮಾರ್ಗವೇ ಕೆಟ್ಟಿದ್ದರೆ, ಸಂಪರ್ಕ ತಪ್ಪಿದ ವೇಳೆ, ಹತ್ತಿರುವ ದೀಪ, ಮಾಡಿದ ಪರೀಕ್ಷೆಗಳನ್ನು ಬರೆದುಕೊಂಡು ದೂರು ಕೊಡಿರಿ. ಆಗ ದುರಸ್ತಿಗೆ ಬರುವವರ ಕೆಲಸ ಸುಲಭವಾಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ವಿಮೆ, ನೋಂದಣಿಯಂಥ ಕೆಲಸಗಳನ್ನು ಕೊನೆಯ ದಿನಕ್ಕೆ ಉಳಿಸಿಕೊಳ್ಳಬೇಡಿರಿ.