ಸೇನಾ ಸೇವೆಯಿಂದ ನಿರ್ಮಾಣ ಕಾಮಗಾರಿಯ ನಿರ್ವಹಣೆಗೆ

ಸರ್ಕಾರಿ ನೌಕರರು ಸಾಮಾನ್ಯವಾಗಿ 60ನೆಯ ವಯಸ್ಸಿನಲ್ಲಿ ನಿವೃತ್ತರಾಗುತ್ತಾರೆ. ಆದರೆ ಸೇನೆಯ ಸಿಪಾಯಿಗಳಲ್ಲಿ ಬಹುಪಾಲು ಮಂದಿ 40ರ ಆಸುಪಾಸಿನಲ್ಲಿಯೇ ಸಮವಸ್ತ್ರವನ್ನು ಕಳಚಿಡುತ್ತಾರೆ. ಮಕ್ಕಳು ಇನ್ನೂ ಶಾಲೆಯಲ್ಲಿರುವ, ಮನೆಯ ಸಾಲ ತೀರದಿರುವ ವಯಸ್ಸದು. ಎರಡನೆಯ ಉದ್ಯೋಗ ಅವರಿಗೆ ಅನಿವಾರ್ಯ. ಆದರೂ ನದಿಗೆ ಸೇತುವೆ ಕಟ್ಟಿದ ಅನುಭವವುಳ್ಳ ಹವಾಲ್ದಾರರೊಬ್ಬರು ಬ್ಯಾಂಕಿನ ಬಾಗಿಲಲ್ಲಿ ಕಾವಲು ನಿಂತಿರುವ ದೃಶ್ಯ ನಮ್ಮ ನಗರಗಳಲ್ಲಿ ಅಪರೂಪವಲ್ಲ. ಕಾವಲಿನ ಕೆಲಸ ಕೀಳೆಂದಲ್ಲ; ಆದರೆ ಸರ್ಕಾರ ವರ್ಷಗಟ್ಟಲೆ ಖರ್ಚು ಮಾಡಿ ಕಲಿಸಿದ ವಿದ್ಯೆ ಅಲ್ಲಿ ವ್ಯರ್ಥವಾಗುತ್ತದೆ.

ಭೂಸೇನೆಯ ಎಂಜಿನಿಯರ್ ದಳಕ್ಕೆ ಮೂರು ಪ್ರಾಚೀನ ಶಾಖೆಗಳಿವೆ. 1780ರಲ್ಲಿ ಹುಟ್ಟಿದ ಮದ್ರಾಸ್ ಶಾಖೆಯ ಕೇಂದ್ರ ಬೆಂಗಳೂರಿನಲ್ಲಿದೆ. ಬೊಂಬಾಯಿ ಶಾಖೆಯದು ಪುಣೆಯ ಖಡಕಿಯಲ್ಲಿಯೂ ಬಂಗಾಳ ಶಾಖೆಯದು ರೂರ್ಕಿಯಲ್ಲಿಯೂ ಇವೆ. ಸೈನಿಕ ಎಂಜಿನಿಯರರು ನಾಗರಿಕ ಕಾಮಗಾರಿಗೆ ಕೈಹಚ್ಚುವುದು ಹೊಸತೇನಲ್ಲ. ಬೆಂಗಳೂರಿನ ಅಠಾರ ಕಚೇರಿಯ ನಿರ್ಮಾಣಕ್ಕೆ ಕಾರಣರಾದ ಸ್ಯಾಂಕಿಯವರು ಮದ್ರಾಸ್ ಎಂಜಿನಿಯರ್ ಪಡೆಯ ಅಧಿಕಾರಿಯೇ ಆಗಿದ್ದರು.

ಮುಂಬಯಿಯ ಜನ ಸೇನೆಯ ಈ ಸಾಮರ್ಥ್ಯವನ್ನು ಕಣ್ಣಾರೆ ಕಂಡಿದ್ದಾರೆ. 2017ರ ಸೆಪ್ಟೆಂಬರ್ 29ರಂದು ಎಲ್ಫಿನ್‌ಸ್ಟನ್ ರೋಡ್ ನಿಲ್ದಾಣದ ಪಾದಚಾರಿ ಸೇತುವೆಯಲ್ಲಿ ಉಂಟಾದ ಕಾಲ್ತುಳಿತದಲ್ಲಿ 23 ಮಂದಿ ಮೃತಪಟ್ಟರು. ಅಲ್ಲಿ, ಕರಿ ರೋಡಿನಲ್ಲಿ ಮತ್ತು ಅಂಬಿವಲಿಯಲ್ಲಿ ಹೊಸ ಸೇತುವೆಗಳನ್ನು ಕಟ್ಟುವ ಹೊಣೆಯನ್ನು ಅಕ್ಟೋಬರ್ ಕೊನೆಯಲ್ಲಿ ಸೇನೆಗೆ ಒಪ್ಪಿಸಲಾಯಿತು. 2018ರ ಫೆಬ್ರವರಿ 27ರಂದು ಮೂರೂ ಸಂಚಾರಕ್ಕೆ ತೆರೆದವು. ಅಂದರೆ ನಾಲ್ಕೇ ತಿಂಗಳ ಕೆಲಸ.

ಹೀಗಿರುವಾಗ ನಿವೃತ್ತ ಯೋಧರು ನೇರವಾಗಿ ಯಾವುದೇ ದೊಡ್ಡ ಕಾಮಗಾರಿಯ ಮುಖ್ಯಸ್ಥರಾಗಬಹುದಲ್ಲವೇ ಎಂದು ಕೇಳಬಹುದು. ಈ ಪ್ರಶ್ನೆಗೆ ಉತ್ತರ ಕುರ್ಲಾದಲ್ಲಿ ಸಿಗುತ್ತದೆ. ಪಶ್ಚಿಮ ಮತ್ತು ಪೂರ್ವ ಎಕ್ಸ್‌ಪ್ರೆಸ್ ಹೆದ್ದಾರಿಗಳನ್ನು ಜೋಡಿಸುವ ಸಾಂತಾಕ್ರೂಜ್–ಚೆಂಬೂರು ಸಂಪರ್ಕ ರಸ್ತೆ ಕುರ್ಲಾದ ಮೂಲಕ ಹಾದುಹೋಗುತ್ತದೆ. ಇದರ ಉದ್ದ ಆರೂವರೆ ಕಿಲೋಮೀಟರಿಗೂ ಕಡಿಮೆ. 2003ರಲ್ಲಿ ಆರಂಭವಾದ ಕೆಲಸ ಮುಗಿದು ರಸ್ತೆ ತೆರೆದದ್ದು 2014ರ ಏಪ್ರಿಲ್‌ನಲ್ಲಿ. ಈ ಹನ್ನೊಂದು ವರ್ಷಗಳನ್ನು ಕಾಂಕ್ರೀಟು ನುಂಗಲಿಲ್ಲ. ದಾರಿಯಲ್ಲಿ ಜನ ವಾಸವಾಗಿದ್ದರು, ಅಂಗಡಿಗಳಿದ್ದವು. ಮನೆಯಾಗಲಿ ಅಂಗಡಿಯಾಗಲಿ, ಬದಲಿಯಾಗಿ 225 ಚದರಡಿ ಎಂಬ ಲೆಕ್ಕ ದೊಡ್ಡ ಅಂಗಡಿ ಹೊಂದಿದ್ದವರಿಗೆ ಒಪ್ಪಿಗೆಯಾಗಲಿಲ್ಲ. ದೂರದ ಜಾಗಕ್ಕೆ ಹೋದರೆ ಗಿರಾಕಿಗಳು ಬರುವುದಿಲ್ಲವೆಂಬ ಅಳಲೂ ಇತ್ತು. ಕುರ್ಲಾದ ಅಂಗಡಿಕಾರರು 2004ರಲ್ಲಿ ವಿಶ್ವಬ್ಯಾಂಕಿನ ಪರಿಶೀಲನಾ ಮಂಡಳಿಗೆ ದೂರು ಕೊಟ್ಟರು. 2006ರ ಮಾರ್ಚ್‌ನಲ್ಲಿ ಬ್ಯಾಂಕು ಹಣವನ್ನು ಕೆಲವು ತಿಂಗಳ ಕಾಲ ತಡೆಹಿಡಿಯಿತು. ರೈಲು ಹಳಿಗಳ ಮೇಲೆ ಹಾದುಹೋಗುವ ಭಾಗಕ್ಕೆ ರೈಲ್ವೆಯ ಅನುಮತಿ ಬೇರೆಯೇ ಬೇಕಿತ್ತು.

ಅಂಗಡಿಕಾರರ ದೂರನ್ನು ಕೆಲಸಕ್ಕೆ ಬಂದ ಅಡ್ಡಿಯೆಂದು ಭಾವಿಸುವವರು ಈ ವೃತ್ತಿಯಲ್ಲಿ ಬಹುಕಾಲ ನಿಲ್ಲಲಾರರು. ಅದೂ ಕೆಲಸದ ಒಂದು ಭಾಗ. ಸೇನೆಯಲ್ಲಿ ಆಜ್ಞೆ ಒಂದೇ ದಾರಿಯಲ್ಲಿ ಇಳಿಯುತ್ತದೆ. ಸಾಮಗ್ರಿ, ವಾಹನ, ಆಳು ಎಲ್ಲವೂ ಒಂದೇ ಅಧಿಕಾರದ ಕೆಳಗಿರುತ್ತವೆ. ನಾಗರಿಕ ಕಾಮಗಾರಿಯಲ್ಲಿ ಮಾಲೀಕ, ಸಲಹೆಗಾರ, ಗುತ್ತಿಗೆದಾರ, ಉಪಗುತ್ತಿಗೆದಾರ ಇವರನ್ನು ಬಂಧಿಸುವುದು ಕರಾರು ಪತ್ರ ಮಾತ್ರ. ಸೆಂಟ್ರಿಂಗ್ ಮೇಸ್ತ್ರಿಗೆ ಹಣ ಬಾಕಿಯಾದರೆ ಮರುದಿನ ಅವನ ತಂಡ ಬೇರೆ ಕಡೆ ಹೋಗಿರುತ್ತದೆ. ಅವನನ್ನು ತಪ್ಪಿತಸ್ಥನೆಂದು ಸಾಲಿನಲ್ಲಿ ನಿಲ್ಲಿಸುವಂತಿಲ್ಲ. ಆದುದರಿಂದ ಪರಿಮಾಣ ಪಟ್ಟಿಯನ್ನು ಓದುವುದು, ಅಳತೆ ಪುಸ್ತಕ ಬರೆಯುವುದು, ಕಂತಿನ ಬಿಲ್ಲನ್ನು ತಡವಿಲ್ಲದೆ ಮುಂದೂಡಿಸುವುದು, ವಿಳಂಬಕ್ಕೆ ಕಾರಣವನ್ನು ಆಯಾ ದಿನವೇ ಪತ್ರ ಮುಖೇನ ದಾಖಲಿಸುವುದು ಇವೆಲ್ಲ ಹೊಸದಾಗಿ ಕಲಿಯಬೇಕಾದ ವಿದ್ಯೆಗಳು. ಮಿಲಿಟರಿ ಎಂಜಿನಿಯರ್ ಸರ್ವಿಸಸ್‌ನಲ್ಲಿ ದುಡಿದವರಿಗೆ ಈ ಪಾಠ ಅರ್ಧದಷ್ಟು ಬಂದಿರುತ್ತದೆ. ಅಲ್ಲಿನ ಕಾಮಗಾರಿಗಳು ಗುತ್ತಿಗೆಯ ಮೂಲಕವೇ ನಡೆಯುತ್ತವೆ.

ಸೈನಿಕನ ಅಭ್ಯಾಸಗಳು ಹಾಗೆಯೇ ಬೆಲೆಬಾಳುವ ಜಾಗವೂ ಇದೆ. ಮಧ್ಯ ರೈಲ್ವೆಯ ಮುಖ್ಯ ಮಾರ್ಗ ಮತ್ತು ಹಾರ್ಬರ್ ಮಾರ್ಗ ಕೂಡುವ ಕುರ್ಲಾದಂಥ ಕಡೆ ಹಳಿಗಳ ಮೇಲೆ ತೊಲೆ ಇಡಬೇಕಾದರೆ ರೈಲ್ವೆ ನೀಡುವುದು ರಾತ್ರಿಯ ಕೆಲವೇ ಗಂಟೆಗಳ ಬ್ಲಾಕ್. ಕ್ರೇನ್ ಎಲ್ಲಿ ನಿಲ್ಲಬೇಕು, ಅದು ಕೆಟ್ಟರೆ ಬದಲಿ ಎಲ್ಲಿದೆ, ವಿದ್ಯುತ್ ತಂತಿ ನಿಷ್ಕ್ರಿಯವಾಗಿದೆಯೆಂದು ಯಾರು ಬರಹದಲ್ಲಿ ಖಚಿತಪಡಿಸುತ್ತಾರೆ, ಯಾವ ನಿಮಿಷದಲ್ಲಿ ಕೆಲಸ ಕೈಬಿಟ್ಟು ಹಳಿ ತೆರವು ಮಾಡಬೇಕು ಎಂಬುದನ್ನು ಮೊದಲೇ ತಾಲೀಮು ಮಾಡಿರಬೇಕು. ಬೆಳಗಿನ ಮೊದಲ ಲೋಕಲ್ ಗಾಡಿ ಯಾರಿಗೂ ಕಾಯುವುದಿಲ್ಲ. ಇಂಥ ರಾತ್ರಿ ನಿವೃತ್ತ ಸುಬೇದಾರರೊಬ್ಬರು ಸ್ಥಳದಲ್ಲಿದ್ದರೆ ಉಳಿದವರಿಗೆ ಧೈರ್ಯ.

ರಕ್ಷಣಾ ಸಚಿವಾಲಯದ ಅಧೀನದಲ್ಲಿರುವ ಪುನರ್ವಸತಿ ಮಹಾನಿರ್ದೇಶನಾಲಯವು ಸೇವೆಯ ಕೊನೆಯ ಅವಧಿಯಲ್ಲಿರುವವರಿಗೆ ತರಬೇತಿಯನ್ನು ಏರ್ಪಡಿಸುತ್ತದೆ. ಸಿಪಾಯಿಗಳಿಗೆ ಮತ್ತು ಕಿರಿಯ ಕಮಿಷನ್ಡ್ ಅಧಿಕಾರಿಗಳಿಗೆ ಶುಲ್ಕವಿಲ್ಲ. ಅಧಿಕಾರಿಗಳು ಶುಲ್ಕದ ಒಂದು ಭಾಗವನ್ನು ಭರಿಸಬೇಕು. ಇಲ್ಲೊಂದು ಎಚ್ಚರಿಕೆ ಅಗತ್ಯ. ಮೆಟ್ರಿಕ್ ಮುಗಿಸಿ 15 ವರ್ಷ ಸೇವೆ ಸಲ್ಲಿಸಿದವರಿಗೆ ದೊರೆಯುವ ಪದವಿ ಸಮಾನತೆಯ ಪ್ರಮಾಣಪತ್ರವು ‘ಸಿ’ ವರ್ಗದ ಸರ್ಕಾರಿ ಹುದ್ದೆಗಳಿಗೆ ಉಪಯುಕ್ತ. ತಾಂತ್ರಿಕ ಅರ್ಹತೆ ಕಡ್ಡಾಯವಾದ ಹುದ್ದೆಗಳಿಗೆ ಅದು ಸಾಲದು. ಸೈಟ್ ಎಂಜಿನಿಯರ್ ಹುದ್ದೆಗೆ ಸಿವಿಲ್ ಡಿಪ್ಲೊಮಾ ಇದೆಯೇ ಎಂದೇ ಗುತ್ತಿಗೆ ಸಂಸ್ಥೆಗಳು ಮೊದಲು ಕೇಳುತ್ತವೆ. ಸೇವೆಯಲ್ಲಿರುವಾಗಲೇ ಅದನ್ನು ಪಡೆಯಲು ಯತ್ನಿಸುವುದು ಲೇಸು. ನಿವೃತ್ತಿಯ ಬಳಿಕ ಅದಕ್ಕೆ ಬಿಡುವು ಸಿಗುವುದು ಕಷ್ಟ. ತಾವು ನಡೆಸಿದ ಕಾಮಗಾರಿಗಳ ವಿವರವನ್ನು, ಎಂದರೆ ಸೇತುವೆಯ ಉದ್ದ, ಆಳುಗಳ ಸಂಖ್ಯೆ, ತಗುಲಿದ ದಿನ ಇವನ್ನು, ಗೋಪ್ಯತೆಗೆ ಭಂಗ ಬಾರದಂತೆ ನಾಗರಿಕರಿಗೆ ತಿಳಿಯುವ ಮಾತಿನಲ್ಲಿ ಬರೆದಿಟ್ಟುಕೊಳ್ಳಬೇಕು. ನಿವೃತ್ತರು ಉದ್ಯೋಗಕ್ಕಾಗಿ ಹೆಸರು ನೋಂದಾಯಿಸಲು ತಾವು ನೆಲೆಸಿರುವ ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಗೆ ಸೇವಾ ಪುಸ್ತಕದೊಡನೆ ಹೋಗಬಹುದು.