ಊರೊಳಗೆ ಕಾಣಿಸದ ದೋಷ

ನಮ್ಮ ಹೊಸ ಕಾರಿನ ಮುಂದಿನ ಟೈರೊಂದರಲ್ಲಿ ತಯಾರಿಕೆಯ ದೋಷ ಕಂಡುಬಂದುದರಿಂದ, ಬೆಳಗಾವಿಯಲ್ಲಿ ವಾರಂಟಿಯ ಮೇರೆಗೆ ಅದನ್ನು ಬದಲಿಸಿಕೊಟ್ಟರು. ಮರುದಿನ ಖಾನಾಪುರದ ಹೆದ್ದಾರಿಯಲ್ಲಿ ವೇಗವು ಗಂಟೆಗೆ 72 ಕಿಲೋಮೀಟರಿಗೆ ಏರಿದೊಡನೆ ಸ್ಟೇರಿಂಗು ನಡುಗತೊಡಗಿತು. ಮರಳಿ ಒಯ್ದೆವು. ವರ್ಕ್‌ಶಾಪಿನವರು ಊರ ಬೀದಿಗಳಲ್ಲಿ ಓಡಿಸಿ ನೋಡಿ, ‘ದೋಷವೇನೂ ಇಲ್ಲ’ ಎಂದರು. ಅವರು ಸುಳ್ಳಾಡಿದರೇ? ಲೆಕ್ಕ ಮಾಡಿ ನೋಡೋಣ.

30 ಸೆಂಟಿಮೀಟರು ತ್ರಿಜ್ಯದ ಚಕ್ರದಲ್ಲಿ, ಕೇಂದ್ರದಿಂದ 20 ಸೆಂಟಿಮೀಟರು ದೂರದಲ್ಲಿ, ಒಂದು ಪಕ್ಕಕ್ಕೆ ಕೇವಲ 20 ಗ್ರಾಂ ಹೆಚ್ಚಾಗಿದೆಯೆನ್ನಿ. 72 ಕಿಲೋಮೀಟರು ವೇಗದಲ್ಲಿ ಚಕ್ರವು ಸೆಕೆಂಡಿಗೆ ಹತ್ತಕ್ಕೂ ಹೆಚ್ಚು ಸುತ್ತು ತಿರುಗುತ್ತದೆ. ಆ ಅಲ್ಪ ತೂಕವು ಚಕ್ರವನ್ನು ಸುಮಾರು 18 ನ್ಯೂಟನ್ ಬಲದಿಂದ ಸುತ್ತಲೂ ಎಳೆದಾಡುತ್ತದೆ. ಈ ಬಲವು ವೇಗದ ವರ್ಗಕ್ಕೆ ಅನುಪಾತದಲ್ಲಿರುವುದರಿಂದ, 36 ಕಿಲೋಮೀಟರು ವೇಗದಲ್ಲಿ ಅದು ಕಾಲುಭಾಗ ಮಾತ್ರ. ಮೇಲಾಗಿ, ಚಕ್ರದ ಸುತ್ತು ಸ್ಟೇರಿಂಗಿನ ಸಹಜ ಕಂಪನಕ್ಕೆ ಹೊಂದಿಕೊಂಡಾಗ ಅನುರಣನೆಯುಂಟಾಗಿ ನಡುಕವು ಇಮ್ಮಡಿಸುತ್ತದೆ. ಊರೊಳಗಿನ ಪರೀಕ್ಷೆ ಸುಳ್ಳಲ್ಲ, ಅದು ಅಪೂರ್ಣ.

ಆದುದರಿಂದ ‘ಕಾರು ಸರಿಯಿಲ್ಲ’ ಎಂದರೆ ಸಾಲದು. ನಡುಕವು ಯಾವ ವೇಗದಲ್ಲಿ, ಎಲ್ಲಿ ಕಾಣಿಸಿತೆಂಬುದನ್ನು ಜಾಬ್ ಕಾರ್ಡಿನಲ್ಲಿ ಬರೆಸಿ, ಮೆಕ್ಯಾನಿಕರನ್ನು ಜೊತೆಗೆ ಕೂರಿಸಿಕೊಂಡು ಅದೇ ರಸ್ತೆಯಲ್ಲಿ ಓಡಿಸಬೇಕು. ನಾವು ಹಾಗೆಯೇ ಮಾಡಿದೆವು. ಬಳಿಕ ವೀಲ್ ಬ್ಯಾಲೆನ್ಸಿಂಗ್ ಯಂತ್ರದಲ್ಲಿ ಪರೀಕ್ಷಿಸಿ, ಚಕ್ರದ ಹಗುರವಾದ ಪಕ್ಕಕ್ಕೆ ಸಣ್ಣ ಲೋಹದ ತುಂಡೊಂದನ್ನು ಅಂಟಿಸಿದೊಡನೆ ನಡುಕವು ನಿಂತಿತು.

ಇಷ್ಟಾದರೂ ದುರಸ್ತಿ ಮಾಡಿಕೊಡದಿದ್ದರೆ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಮೇರೆಗೆ 2 ವರ್ಷಗಳೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ಅಲ್ಲಿಯೂ ನಮ್ಮ ಪರವಾಗಿ ನುಡಿಯುವುದು ಕೋಪವಲ್ಲ, ಬರೆದಿಟ್ಟ ಅಳತೆ.